ದಂಡೆಯ ಮೇಲೆ ಊರು ಕಟ್ಟುವ ಮುನ್ನ

ಕಂಟೈನರ್ ಹಡಗುಗಳು ಬಂದದ್ದೇ ತಡ, ಜಗತ್ತಿನ ಹಳೆಯ ಬಂದರುಗಳ ಹಣೆಬರಹ ಬದಲಾಯಿತು. 1960ರ ದಶಕದಿಂದೀಚೆಗೆ ಸರಕು ಸಾಗಣೆಯೆಲ್ಲ ಉಕ್ಕಿನ ಪೆಟ್ಟಿಗೆಗಳಿಗೆ ವರ್ಗವಾದಂತೆ ದೊಡ್ಡ ಹಡಗು, ಆಳದ ನೀರು, ವಿಶಾಲವಾದ ಅಂಗಳ ಬೇಕಾದವು. ಊರೊಳಗಿನ ಇಕ್ಕಟ್ಟಾದ ಹಳೆಯ ಧಕ್ಕೆಗಳಿಂದ ಅದು ಆಗುವ ಕೆಲಸವಾಗಿರಲಿಲ್ಲ. ಲಂಡನ್, ಹ್ಯಾಂಬರ್ಗ್, ಸಿಡ್ನಿ, ಕೋಪನ್‌ಹೇಗನ್ ಎಲ್ಲೆಡೆಯೂ ಬಂದರು ಊರಾಚೆಗೆ ಸರಿಯಿತು, ಗೋದಾಮುಗಳಿಗೆ ಬೀಗ ಬಿತ್ತು. ನಮ್ಮ ಮಂಗಳೂರಿನಲ್ಲಿ ಆದದ್ದೂ ಇದೇ. 1970ರ ದಶಕದ ಮಧ್ಯದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಶುರುವಾದ ಮೇಲೆ ಹಳೇ ಬಂದರಿಗೆ ಉಳಿದದ್ದು ಮೀನುಗಾರಿಕೆಯ ಬೋಟುಗಳು ಮತ್ತು ಲಕ್ಷದ್ವೀಪಕ್ಕೆ ದಿನಸಿ, ತರಕಾರಿ, ಕಟ್ಟಡದ ಸಾಮಾನು ಹೊತ್ತೊಯ್ಯುವ ಮಂಜಿ ಎಂಬ ಸರಕು ಹಡಗುಗಳು.

ಹೀಗೆ ತೆರವಾದ ನೆಲ ಸಾಮಾನ್ಯದ್ದಲ್ಲ. ಊರಿನ ನಟ್ಟನಡುವೆ, ನೀರಿಗೆ ಮುಖ ಮಾಡಿಕೊಂಡು, ಬಹುಪಾಲು ಸರ್ಕಾರದ ಅಥವಾ ಬಂದರು ಸಂಸ್ಥೆಯ ಒಡೆತನದಲ್ಲೇ ಇರುವ ನೂರಾರು ಎಕರೆ. ಅಲ್ಲಿ ಮನೆ, ಕಚೇರಿ, ಅಂಗಡಿ, ಶಾಲೆ, ಹೋಟೆಲುಗಳನ್ನು ಬೆರೆಸಿ ಹೊಸ ಬಡಾವಣೆ ಕಟ್ಟುವುದು, ಅದಕ್ಕೆ ‘ಸುಸ್ಥಿರ’ ಎಂಬ ವಿಶೇಷಣ ಹಚ್ಚುವುದು ಕಳೆದ ಮೂರು ದಶಕಗಳ ರೂಢಿ. ಬೇರೆ ಬೇರೆ ದೇಶಗಳ ಇಂಥ ಯೋಜನೆಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಯಾವ ಊರಿನದೆಂದು ಹೇಳುವುದು ಕಷ್ಟ. ಗಾಜಿನ ಗೋಪುರ, ತಾರಸಿಯ ಮೇಲೆ ಹುಲ್ಲು, ಸೌರಫಲಕ, ದಂಡೆಯುದ್ದಕ್ಕೂ ಕಲ್ಲುಹಾಸು, ಸೈಕಲ್ ತುಳಿಯುವ ಮಗು. ಅವುಗಳಲ್ಲಿ ನಿಜವಾಗಿ ಕಟ್ಟಿ ಮುಗಿಸಿದವು ಇಪ್ಪತ್ತು ವರ್ಷ ಬಾಳಿದ ಮೇಲೆ ಹೇಗಿವೆ ಎಂದು ಪರಿಶೀಲಿಸಿದಾಗ ನನಗೆ ಮನದಟ್ಟಾದದ್ದು ಇಷ್ಟು: ಗೆಲುವು ಸೋಲು ತೀರ್ಮಾನವಾಗುವುದು ವಾಸ್ತುಶಿಲ್ಪಿ ಪೆನ್ಸಿಲು ಹಿಡಿಯುವುದಕ್ಕೆ ಎಷ್ಟೋ ಮುಂಚೆ. ನೆಲ ಯಾರ ಹೆಸರಿನಲ್ಲಿದೆ, ಅದನ್ನು ಕೈಬಿಡುವಾಗ ಯಾವ ಕರಾರು ಬರೆದುಕೊಂಡರು, ನೀರಿಗೆ ಎಷ್ಟು ಜಾಗ ಬಿಟ್ಟರು ಎಂಬ ಮೂರು ಪ್ರಶ್ನೆಗಳೇ ಮುಖ್ಯ. ಸೌರಫಲಕ, ಹೀಟ್ ಪಂಪು, ಹಸಿರು ಪ್ರಮಾಣಪತ್ರ ಎಲ್ಲವೂ ಆಮೇಲಿನವು.

ಹ್ಯಾಂಬರ್ಗಿನ ಹಾಫೆನ್‌ಸಿಟಿಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಹ್ಯಾಂಬರ್ಗ್ ಸಮುದ್ರದಿಂದ ಸುಮಾರು ನೂರು ಕಿಲೋಮೀಟರ್ ಒಳಗೆ, ಎಲ್ಬೆ ನದಿಯ ದಂಡೆಯಲ್ಲಿದೆ. ಆದರೂ ಉತ್ತರ ಸಮುದ್ರದ ಉಬ್ಬರವಿಳಿತ ನದಿಯಗುಂಟ ಅಲ್ಲಿಯವರೆಗೂ ಬರುತ್ತದೆ. 1962ರ ಫೆಬ್ರುವರಿ ತಿಂಗಳ ಒಂದು ರಾತ್ರಿ ಬಿರುಗಾಳಿಯೊಂದಿಗೆ ಉಕ್ಕಿಬಂದ ನೀರಿಗೆ ಆ ನಗರದಲ್ಲಿ 315 ಮಂದಿ ಜೀವ ಕಳೆದುಕೊಂಡರು. ಆ ಬಳಿಕ ಊರಿನ ಸುತ್ತ ಎತ್ತರದ ಒಡ್ಡು ಎದ್ದಿತು. ಹಳೆಯ ಬಂದರಿನ ನೆಲ ಮಾತ್ರ ಒಡ್ಡಿನ ಹೊರಗೇ ಉಳಿಯಿತು. 1997ರಲ್ಲಿ ಆಗಿನ ಮೇಯರ್ ಹೆನಿಂಗ್ ಫೋಶೆರಾವ್ ಅಲ್ಲಿ ಹೊಸ ಊರು ಕಟ್ಟುವುದಾಗಿ ಪ್ರಕಟಿಸಿದಾಗ ಮೊದಲು ಎದುರಾದ ಪ್ರಶ್ನೆ ಇದೇ: ಒಡ್ಡಿನ ಹೊರಗೆ ಜನ ಬದುಕುವುದು ಹೇಗೆ?

ಇನ್ನೊಂದು ಒಡ್ಡು ಕಟ್ಟಬಹುದಿತ್ತು. ಆದರೆ ಮೊದಲ ಮನೆ ಏಳುವುದಕ್ಕೂ ಮುನ್ನ ಇಡೀ ಒಡ್ಡು ಮುಗಿಯಬೇಕಾಗುತ್ತಿತ್ತು, ನೀರಿನ ನೋಟವೂ ಗೋಡೆಯ ಹಿಂದೆ ಮರೆಯಾಗುತ್ತಿತ್ತು. ಬದಲಿಗೆ ಅವರು ಆ ಕರಾವಳಿಯ ರೈತರ ಹಳೆಯ ಪದ್ಧತಿಯನ್ನೇ ಎತ್ತಿಕೊಂಡರು. ಅಲ್ಲಿನ ತಗ್ಗು ದ್ವೀಪಗಳಲ್ಲಿ ಮಣ್ಣಿನ ದಿಬ್ಬ ಹಾಕಿ ಅದರ ಮೇಲೆ ಮನೆ ಕಟ್ಟುವುದು ನೂರಾರು ವರ್ಷಗಳ ವಾಡಿಕೆ. ಹಾಫೆನ್‌ಸಿಟಿಯಲ್ಲಿ ಪ್ರತಿ ಹೊಸ ಕಟ್ಟಡವೂ ಸಮುದ್ರಮಟ್ಟದಿಂದ ಎಂಟು, ಒಂಬತ್ತು ಮೀಟರ್ ಎತ್ತರದ ದಿಬ್ಬದ ಮೇಲೆ ನಿಂತಿದೆ. ದಿಬ್ಬದ ಹೊಟ್ಟೆಯೊಳಗೆ ಕಾರು ನಿಲುಗಡೆ. ರಸ್ತೆ, ಸೇತುವೆಗಳೂ ಅದೇ ಎತ್ತರದಲ್ಲಿವೆ, ಪ್ರವಾಹ ಬಂದ ದಿನವೂ ಆಂಬುಲೆನ್ಸ್ ಓಡಾಡಬೇಕಲ್ಲ. ನೀರಿನ ಪಕ್ಕದ ಹತ್ತು ಕಿಲೋಮೀಟರಿಗೂ ಹೆಚ್ಚಿನ ಕಾಲುದಾರಿಯನ್ನು ಮಾತ್ರ ಹಳೆಯ ಧಕ್ಕೆಯ ಮಟ್ಟದಲ್ಲೇ, ನಾಲ್ಕೈದು ಮೀಟರಿನಲ್ಲೇ ಬಿಟ್ಟಿದ್ದಾರೆ. ದೊಡ್ಡ ಬಿರುಗಾಳಿ ಬಂದಾಗ ಆ ದಾರಿ ಮುಳುಗುತ್ತದೆ. ಅಂಚಿನ ಹಳೆಯ ಮಟ್ಟದಲ್ಲಿರುವ ಬಾಗಿಲುಗಳಿಗೆ ಉಕ್ಕಿನ ಕದ ಎಳೆದು ಬಿಗಿಯುತ್ತಾರೆ. ನೀರು ಇಳಿದ ಮೇಲೆ ಕೆಸರು ತೊಳೆದು ಮತ್ತೆ ಕುರ್ಚಿ ಹಾಕುತ್ತಾರೆ. 2013ರ ಡಿಸೆಂಬರಿನ ಬಿರುಗಾಳಿಯಲ್ಲಿ ನೀರು ಆರು ಮೀಟರ್ ದಾಟಿತ್ತು. 1962ರಲ್ಲಿ ಏರಿದ್ದಕ್ಕಿಂತ ಹೆಚ್ಚು. ದಿಬ್ಬಗಳು ತಮ್ಮ ಕೆಲಸ ಮಾಡಿದವು. ವರ್ಷಕ್ಕೆ ಕೆಲವು ದಿನ ಬಂದುಹೋಗುವ ಹಕ್ಕನ್ನು ನೀರಿಗೆ ಬಿಟ್ಟುಕೊಟ್ಟೇ ನಕ್ಷೆ ಬರೆದಿದ್ದು ಈ ಯೋಜನೆಯ ಬುದ್ಧಿವಂತಿಕೆ.

ಇದಕ್ಕಿಂತ ದೊಡ್ಡ ಸಾಧನೆ ಕಣ್ಣಿಗೆ ಕಾಣದ ಜಾಗದಲ್ಲಿದೆ. ಒಟ್ಟು 157 ಹೆಕ್ಟೇರಿನ ಈ ಪ್ರದೇಶದ ಬಹುಪಾಲು ನೆಲವನ್ನು ನಗರಾಡಳಿತ ಯೋಜನೆ ಪ್ರಕಟವಾಗುವ ಮೊದಲೇ ಸದ್ದಿಲ್ಲದೆ ತನ್ನ ಕೈಗೆ ತೆಗೆದುಕೊಂಡಿತ್ತು. ಮೊದಲೇ ಸುದ್ದಿ ಹೊರಬಿದ್ದಿದ್ದರೆ ಬೆಲೆ ಗಗನಕ್ಕೇರುತ್ತಿತ್ತು. ಮಾರಾಟ ನೋಡಿಕೊಳ್ಳುವ ಕಂಪನಿಯ ಒಡೆತನವೂ ಪೂರ್ತಿ ನಗರದ್ದೇ. ನಿವೇಶನ ಬೇಕೆಂದವರು ಬರೀ ಬೆಲೆ ಕೂಗಿದರೆ ಸಾಲದು. ಮನೆ ಕಟ್ಟುವ ನಿವೇಶನಗಳಲ್ಲಿ ಆಯ್ಕೆಯ ಅಂಕಗಳಲ್ಲಿ ಶೇ 70ರಷ್ಟು ಪ್ರಸ್ತಾವದ ಗುಣಕ್ಕೆ, ಶೇ 30 ಮಾತ್ರ ಬೆಲೆಗೆ. ಆಯ್ಕೆಯಾದವರಿಗೂ ನೆಲ ಕೂಡಲೇ ಸಿಗದು. ಒಂದೂವರೆ ವರ್ಷದ ಆಸುಪಾಸಿನ ಅವಧಿಯಲ್ಲಿ ಮಣ್ಣು ಪರೀಕ್ಷೆ ಮಾಡಿಸಬೇಕು, ವಾಸ್ತುಶಿಲ್ಪಿಗಳ ಸ್ಪರ್ಧೆ ಏರ್ಪಡಿಸಬೇಕು, ಪರವಾನಗಿ ಪಡೆಯಬೇಕು. ಆಮೇಲೆ ಹಣ, ಆಮೇಲೆ ನೆಲ. ಮಾತಿಗೆ ತಪ್ಪಿದರೆ ನಿವೇಶನ ನಗರಕ್ಕೇ ವಾಪಸು. ನಿವೇಶನ ಖರೀದಿಸಿ ಬೆಲೆ ಏರಲೆಂದು ಬೇಲಿ ಹಾಕಿ ಕೂರುವವರಿಗೆ ಇಲ್ಲಿ ಜಾಗವಿಲ್ಲ. ಮುಖ್ಯ ಬೀದಿಗಳಲ್ಲಿ ನೆಲಮಹಡಿ ಸುಮಾರು ಐದು ಮೀಟರ್ ಎತ್ತರವಿರಬೇಕು, ಅಲ್ಲಿ ಅಂಗಡಿಯೋ ಹೋಟೆಲೋ ಗ್ಯಾಲರಿಯೋ ಬರಬೇಕು ಎಂಬುದೂ ಷರತ್ತು. ‘ಮಿಶ್ರ ಬಳಕೆ’ ಎಂಬ ಮಾತಿಗೆ ಜೀವ ಬರುವುದು ಇಂಥ ಷರತ್ತಿನಿಂದ. ಅದಿಲ್ಲದಿದ್ದರೆ ಮೇಲೆ ಫ್ಲ್ಯಾಟು, ಕೆಳಗೆ ಸೆಕ್ಯುರಿಟಿ ಗೇಟು, ಸಂಜೆ ಏಳಕ್ಕೆ ಬೀದಿ ಬಿಕೋ ಎನ್ನುವುದು ಎಲ್ಲ ಕಡೆಯ ಕಥೆ.

ಹಾಫೆನ್‌ಸಿಟಿಯಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳುತ್ತಿಲ್ಲ. ಮೊದಲ ಹಂತದ ಮನೆಗಳು ಹಣವಂತರಿಗಷ್ಟೇ ಎಟುಕಿದವು. ಟೀಕೆ ಹೆಚ್ಚಾದ ಮೇಲೆ, ಪೂರ್ವ ದಿಕ್ಕಿನ ಹಂತಗಳಲ್ಲಿ ಮೂರನೇ ಒಂದರಷ್ಟು ಮನೆಗಳು ಸಬ್ಸಿಡಿ ಬಾಡಿಗೆಯವಾಗಿರಬೇಕೆಂಬ ನಿಯಮ ಬಂತು. ಹಳೆಯ ಕೋಕೋ ಗೋದಾಮಿನ ತಲೆಯ ಮೇಲೆ ಗಾಜಿನ ಅಲೆಯಂತೆ ನಿಂತ ಎಲ್ಬ್‌ಫಿಲ್‌ಹಾರ್ಮೊನಿ ಸಂಗೀತ ಭವನ ನಗರದ ಬೊಕ್ಕಸಕ್ಕೆ 77 ದಶಲಕ್ಷ ಯೂರೋ ಹೊರೆಯೆಂದು ಹೇಳಿ ಶುರುವಾದದ್ದು, 2017ರಲ್ಲಿ ತೆರೆಯುವ ಹೊತ್ತಿಗೆ 789 ದಶಲಕ್ಷ ಮುಟ್ಟಿತ್ತು. ಹಳೆಯ ಕಟ್ಟಡದ ಹೊರಗೋಡೆ ಕೆಡವದೆ ಉಳಿಸಿಕೊಂಡರು ಎಂಬ ಮೆಚ್ಚುಗೆಯನ್ನು ಆ ಲೆಕ್ಕದ ಎದುರಿಗೇ ಇಟ್ಟು ತೂಗಬೇಕು. ಹಾಗಿದ್ದೂ ಮೊದಲ ಹಂತದ ತಪ್ಪನ್ನು ಎರಡನೆಯದರಲ್ಲಿ ತಿದ್ದಲು ಸಾಧ್ಯವಾಯಿತು. ಉಳಿದ ನಿವೇಶನಗಳು ಇನ್ನೂ ನಗರದ ಕೈಯಲ್ಲೇ ಇದ್ದವು ಎಂಬುದೇ ಅದಕ್ಕೆ ಕಾರಣ. ಒಮ್ಮೆಗೇ ಎಲ್ಲವನ್ನೂ ಒಬ್ಬನಿಗೆ ಬರೆದುಕೊಟ್ಟಿದ್ದರೆ ತಿದ್ದುವುದಕ್ಕೆ ಏನು ಉಳಿಯುತ್ತಿತ್ತು?

ಸ್ವೀಡನ್ನಿನ ಎರಡು ಉದಾಹರಣೆಗಳು ಬೇರೆ ಪಾಠ ಹೇಳುತ್ತವೆ. ಮಾಲ್ಮೋ ನಗರದ ಪಶ್ಚಿಮ ಬಂದರಿನಲ್ಲಿ ಕೋಕುಮ್ಸ್ ಎಂಬ ಹೆಸರಾಂತ ಹಡಗುಕಟ್ಟೆ ಇತ್ತು. ಅದು ಮುಚ್ಚಿತು, ಅದರ ಜಾಗಕ್ಕೆ ಬಂದ ಕಾರಿನ ಕಾರ್ಖಾನೆಯೂ ಎರಡೇ ವರ್ಷದಲ್ಲಿ ಬಾಗಿಲು ಹಾಕಿತು. ನಗರದ ಗುರುತೇ ಆಗಿದ್ದ 138 ಮೀಟರಿನ ದೈತ್ಯ ಕ್ರೇನು 2002ರಲ್ಲಿ ಬಿಡಿಭಾಗಗಳಾಗಿ ದಕ್ಷಿಣ ಕೊರಿಯಾಕ್ಕೆ ಹೊರಟಿತು. ಅದಕ್ಕೆ ತುಸು ಮುಂಚೆ, 2001ರಲ್ಲಿ, ಅದೇ ನೆಲದಲ್ಲಿ ‘ಬೋ 01’ ಎಂಬ ವಸತಿ ಪ್ರದರ್ಶನವಾಗಿ ಹೊಸ ಬಡಾವಣೆ ತೆರೆದುಕೊಂಡಿತು. ವರ್ಷದ ಲೆಕ್ಕದಲ್ಲಿ ಬೇಕಾದಷ್ಟು ಶಕ್ತಿಯನ್ನು ಸ್ಥಳೀಯವಾಗಿ, ಗಾಳಿ, ಬಿಸಿಲು, ನೀರುಗಳಿಂದಲೇ ಪಡೆಯುವುದು ಅದರ ಗುರಿ. ನೆಲದಡಿಯ ಸುಣ್ಣಕಲ್ಲಿನ ಪದರದಲ್ಲಿರುವ ನೀರಿನಲ್ಲಿ ಬೇಸಗೆಯ ಬಿಸಿಯನ್ನು ಚಳಿಗಾಲಕ್ಕೂ ಚಳಿಗಾಲದ ತಂಪನ್ನು ಬೇಸಗೆಗೂ ಕೂಡಿಡುವ ವ್ಯವಸ್ಥೆ ಮಾಡಿದರು. ಮಳೆನೀರನ್ನು ಕೊಳವೆಯಲ್ಲಿ ಮುಚ್ಚಿಡದೆ, ಮನೆಗಳ ನಡುವೆ ತೆರೆದ ಕಲ್ಲುಗಾಲುವೆಗಳಲ್ಲಿ ಹರಿಸಿ ಸಮುದ್ರಕ್ಕೆ ಬಿಟ್ಟರು.

ನನಗೆ ಹೆಚ್ಚು ಇಷ್ಟವಾದದ್ದು ಅಲ್ಲಿನ ಹಸಿರಿನ ಲೆಕ್ಕ. ನಿವೇಶನದ ಒಂದೊಂದು ಚದರ ಮೀಟರಿಗೂ ಅಂಕ. ಡಾಂಬರು, ಕಾಂಕ್ರೀಟಿಗೆ ಸೊನ್ನೆ. ಆಳದ ಮಣ್ಣಿನಲ್ಲಿ ಗಿಡಮರವಿದ್ದರೆ ಪೂರ್ತಿ ಒಂದು. ತಾರಸಿ ತೋಟ, ಬಳ್ಳಿ ಹಬ್ಬಿದ ಗೋಡೆಗಳಿಗೆ ನಡುವಿನ ಅಂಕ. ಸರಾಸರಿ 0.5 ಬರಲೇಬೇಕು. ಅದರ ಮೇಲೆ 35 ಅಂಶಗಳ ಪಟ್ಟಿಯಿಂದ ಪ್ರತಿ ಬಿಲ್ಡರ್ ಕನಿಷ್ಠ ಹತ್ತನ್ನು ಆರಿಸಿಕೊಳ್ಳಬೇಕು. ಬಾವಲಿಗೆ ಪೆಟ್ಟಿಗೆ, ಹಕ್ಕಿಗೂಡು, ಕಪ್ಪೆ ಚಳಿಗಾಲ ಕಳೆಯುವಂಥ ಜಾಗ, ಚಿಟ್ಟೆ ಬರುವ ಹೂಗಿಡ ಹೀಗೆ. ಗುಮಾಸ್ತನೂ ಅಳೆದು ನೋಡಬಹುದಾದಷ್ಟು ಸರಳವಾದ ನಿಯಮ ಇದು. ಮುಂದೆ ಬೇರೆ ಹಲವು ನಗರಗಳು ಇಂಥ ಲೆಕ್ಕವನ್ನು ಅಳವಡಿಸಿಕೊಂಡವು.

ಶಕ್ತಿಯ ಲೆಕ್ಕದಲ್ಲಿ ಮಾತ್ರ ಮಾಲ್ಮೋ ಎಡವಿತು. ಪ್ರತಿ ಚದರ ಮೀಟರಿಗೆ ವರ್ಷಕ್ಕೆ 105 ಯೂನಿಟ್ ದಾಟಬಾರದೆಂದು ನಿಯಮವಿತ್ತು. ವಾಸ ಶುರುವಾದ ಮೇಲೆ ಮೀಟರು ನೋಡಿದರೆ ಅನೇಕ ಕಟ್ಟಡಗಳು ಅದನ್ನು ಎಷ್ಟೋ ಮೀರಿದ್ದವು. ಸಮುದ್ರ ಕಾಣಲೆಂದು ಇಟ್ಟ ದೊಡ್ಡ ದೊಡ್ಡ ಗಾಜಿನ ಕಿಟಕಿಗಳು ಅದಕ್ಕೊಂದು ಮುಖ್ಯ ಕಾರಣ. ಮನೆಗಳ ಬೆಲೆಯೂ ಸಾಮಾನ್ಯರ ಕೈಗೆಟುಕದ್ದಾಯಿತು. ಅವರು ಅಷ್ಟಕ್ಕೇ ಕೈಚೆಲ್ಲಲಿಲ್ಲ. ಪಕ್ಕದ ಫ್ಲಾಗ್‌ಹೂಸೆನ್ ಹಂತದಲ್ಲಿ ಬಿಲ್ಡರುಗಳನ್ನೂ ಅಧಿಕಾರಿಗಳನ್ನೂ ಮೊದಲೇ ಒಂದೇ ಮೇಜಿನ ಸುತ್ತ ಕೂರಿಸಿ, ಬಾಡಿಗೆ ಮನೆ ಹೆಚ್ಚಿರುವ, ಕಡಿಮೆ ಖರ್ಚಿನ, ಶಕ್ತಿಯಲ್ಲಿ ಮಿತವಾದ ಕಟ್ಟಡಗಳ ಬಗ್ಗೆ ಒಪ್ಪಂದ ಮಾಡಿಕೊಂಡರು.

ಸ್ಟಾಕ್‌ಹೋಮಿನ ಹಮ್ಮರ್‌ಬಿ ಶೋಸ್ಟಾಡ್ ಇನ್ನೂ ದೊಡ್ಡದು, ಹನ್ನೊಂದು ಸಾವಿರದಷ್ಟು ಮನೆಗಳು. 2004ರ ಒಲಿಂಪಿಕ್ಸಿಗೆ ಹಕ್ಕು ಕೇಳಿದಾಗ ಕ್ರೀಡಾಗ್ರಾಮವೆಂದು ಹಾಕಿದ ಯೋಜನೆ ಅದು. ಕ್ರೀಡಾಕೂಟ ಅಥೆನ್ಸಿನ ಪಾಲಾಯಿತು, ಊರು ಉಳಿಯಿತು. ಕಸ, ಕೊಳಚೆ, ಶಕ್ತಿ ಮೂರನ್ನೂ ಒಂದಕ್ಕೊಂದು ಜೋಡಿಸಿದ್ದು ಅಲ್ಲಿನ ಹೆಗ್ಗಳಿಕೆ. ಶುದ್ಧೀಕರಿಸಿದ ಕೊಳಚೆನೀರಿನ ಬಿಸುಪನ್ನು ಹೀಟ್ ಪಂಪುಗಳಿಂದ ಹೀರಿ ಮತ್ತೆ ಮನೆ ಬೆಚ್ಚಗಿಡಲು ಬಳಸುತ್ತಾರೆ. ಕೆಸರಿನಿಂದ ಬಂದ ಅನಿಲ ಒಂದಷ್ಟು ಮನೆಗಳ ಒಲೆಗೆ ಹೋಗುತ್ತದೆ. ಕಸವನ್ನು ನೆಲದಡಿಯ ಕೊಳವೆಗಳು ಗಾಳಿಯ ಒತ್ತಡದಿಂದ ಎಳೆದುಕೊಳ್ಳುತ್ತವೆ, ಬೀದಿಗೆ ಕಸದ ಲಾರಿ ಬರುವ ಅಗತ್ಯವೇ ಕಡಿಮೆ. ಇಲ್ಲೂ ಚದರ ಮೀಟರಿಗೆ 60 ಯೂನಿಟ್ ಎಂಬ ಗುರಿ ಕೈಗೂಡಲಿಲ್ಲ. ಕೈಗೂಡಿದ್ದು ಓಡಾಟದ ಗುರಿ. ಬಡಾವಣೆ ಪೂರ್ತಿ ತುಂಬುವ ಮೊದಲೇ ಟ್ರಾಮು ಓಡತೊಡಗಿತ್ತು, ನೀರು ದಾಟಲು ಉಚಿತ ದೋಣಿ ಇತ್ತು. ಹೀಗಾಗಿ ಹತ್ತರಲ್ಲಿ ಎಂಟರಷ್ಟು ಓಡಾಟ ಟ್ರಾಮು, ಸೈಕಲು, ಕಾಲ್ನಡಿಗೆಯಲ್ಲೇ ನಡೆಯುವಂತಾಯಿತು. ಅಲ್ಲಿನ ನಿವಾಸಿಗಳೇ ಮುಂದೆ ಸಂಘ ಕಟ್ಟಿಕೊಂಡು ತಮ್ಮ ಕಟ್ಟಡಗಳ ಶಕ್ತಿ ಸೋರಿಕೆ ತಡೆಯಲು ಹೊರಟರು. ಕಟ್ಟಡ ಮುಗಿದ ದಿನ ಸುಸ್ಥಿರತೆಯ ಕೆಲಸ ಮುಗಿಯುವುದಿಲ್ಲ. ಮೀಟರು ಓದುವವರು ಇರಬೇಕು, ಓದಿದ ಲೆಕ್ಕ ಎಲ್ಲರಿಗೂ ಸಿಗಬೇಕು. ನಮ್ಮಲ್ಲಿ ನಕ್ಷೆ ಮಟ್ಟದಲ್ಲೇ ಹಸಿರು ರೇಟಿಂಗ್ ಪಡೆದು ಜಾಹೀರಾತು ಕೊಡುವ ಯೋಜನೆಗಳಿಗೆ ಈ ಪ್ರಶ್ನೆ ಕೇಳುವವರೇ ಕಡಿಮೆ.

ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. ಸಿಡ್ನಿಯ ಬಾರಂಗಾರೂವಿನಲ್ಲಿ ಹಳೆಯ ಧಕ್ಕೆಯ ಕಾಂಕ್ರೀಟ್ ಅಂಗಳವನ್ನು ಒಡೆದು, ಅಲ್ಲೇ ಅಗೆದ ಮರಳುಗಲ್ಲಿನ ಸುಮಾರು ಹತ್ತು ಸಾವಿರ ಬಂಡೆಗಳಿಂದ ದಂಡೆ ಕಟ್ಟಿ, 2015ರಲ್ಲಿ ಸೊಗಸಾದ ಉದ್ಯಾನ ಮಾಡಿದರು. ಆದರೆ ಸ್ಪರ್ಧೆಯಲ್ಲಿ ಗೆದ್ದ ಮೂಲ ಯೋಜನೆ ಬದಿಗೆ ಸರಿಯಿತು, ಕಟ್ಟಬಹುದಾದ ವಿಸ್ತೀರ್ಣ ಹಂತಹಂತವಾಗಿ ಹಿಗ್ಗಿತು, ಉದ್ಯಾನಕ್ಕೆಂದು ಗುರುತಿಸಿದ್ದ ದಂಡೆಯಲ್ಲಿ 271 ಮೀಟರಿನ ಕ್ಯಾಸಿನೋ ಗೋಪುರ ಎದ್ದಿತು. ಕಟ್ಟಡಗಳ ಹಸಿರು ಅಂಕಗಳು ಎಷ್ಟೇ ಹೆಚ್ಚಿರಲಿ, ಈ ನಷ್ಟ ತುಂಬಿ ಬರುವಂಥದ್ದಲ್ಲ. ಕೋಪನ್‌ಹೇಗನ್ ಬಂದರಿನ ನೆಲವೂ ಸೇರಿದಂತೆ ಸಾರ್ವಜನಿಕ ನೆಲ ಮಾರಿ ತೀರಿಸುವ ಲೆಕ್ಕದಲ್ಲಿ ಸಾಲ ಮಾಡಿ ಮೆಟ್ರೋ ಕಟ್ಟಿತು. ನೋಡಲು ಜಾಣತನದ ಉಪಾಯವೇ. ಆದರೆ ಸಾಲದ ಕಂತು ತಲೆಯ ಮೇಲಿರುವಾಗ ಇನ್ನಷ್ಟು ನೆಲ, ಇನ್ನಷ್ಟು ಬೆಲೆಗೆ ಮಾರಲೇಬೇಕಾದ ಒತ್ತಡವೂ ಹಿಂದೆಯೇ ಬರುತ್ತದೆ. ಈಗ ಸಮುದ್ರಕ್ಕೇ ಮಣ್ಣು ಸುರಿದು ಲಿನೆಟ್‌ಹೋಲ್ಮ್ ಎಂಬ ದ್ವೀಪ ಕಟ್ಟಲು ಹೊರಟಿರುವುದಕ್ಕೆ ಅಲ್ಲಿನ ಜನರೇ ವಿರೋಧ ವ್ಯಕ್ತಪಡಿಸಿದ್ದಾರೆ.

ನಮ್ಮ ದೇಶಕ್ಕೆ ಬಂದರೆ ಎಲ್ಲರೂ ಬೊಟ್ಟು ಮಾಡುವುದು ಅಹಮದಾಬಾದಿನ ಸಾಬರಮತಿ ದಂಡೆಯತ್ತ. 1997ರಲ್ಲಿ ಇದಕ್ಕೆಂದೇ ಕಂಪನಿ ಹುಟ್ಟಿತು, 2005ರಲ್ಲಿ ಕೆಲಸ ಶುರುವಾಯಿತು, 2012ರಲ್ಲಿ ನಡಿಗೆಯ ಹಾದಿ ಜನರಿಗೆ ತೆರೆದುಕೊಂಡಿತು. ಎರಡೂ ದಂಡೆಗಳಲ್ಲಿ ಹನ್ನೊಂದು ಕಿಲೋಮೀಟರಿಗೂ ಹೆಚ್ಚು ಉದ್ದ. ಕೊಳಚೆ ನೇರವಾಗಿ ನದಿ ಸೇರದಂತೆ ದೊಡ್ಡ ಕೊಳವೆಗಳನ್ನು ಹಾಕಿದ್ದು, ಹಳೆಯ ಭಾನುವಾರದ ಸಂತೆಗೆ ಜಾಗ ಕಟ್ಟಿಕೊಟ್ಟಿದ್ದು, ದಂಡೆಯನ್ನು ಸಾರ್ವಜನಿಕ ಜಾಗವಾಗಿಸಿದ್ದು ಒಪ್ಪಿಕೊಳ್ಳಬೇಕಾದ ಒಳ್ಳೆಯ ಕೆಲಸಗಳು. ಸಂಜೆ ಹೊತ್ತು ಅಲ್ಲಿ ಕೂತು ಕಡಲೆ ತಿನ್ನುವ ಕುಟುಂಬಗಳ ಸಂತೋಷ ಸುಳ್ಳಲ್ಲ. ಆದರೆ ಈ ಹೊಸ ದಂಡೆ ಹುಟ್ಟಿದ್ದೇ ನದಿಯನ್ನು ಕಿರಿದುಗೊಳಿಸಿ. ಎಲ್ಲೋ ಅಗಲ ಎಲ್ಲೋ ಕಿರಿದಾಗಿದ್ದ ಪಾತ್ರವನ್ನು ಸಮನಾಗಿ 263 ಮೀಟರಿಗೆ ಇಳಿಸಿ, ಗೋಡೆ ಕಟ್ಟಿ, 200 ಹೆಕ್ಟೇರಿಗೂ ಹೆಚ್ಚು ಹೊಸ ನೆಲ ಪಡೆದರು. ಮಳೆಗಾಲದ ನದಿ ಬೇಸಗೆಯಲ್ಲಿ ಮರಳಾಗಿ ಒಣಗುತ್ತಿತ್ತು. ಈಗ ನರ್ಮದಾ ಕಾಲುವೆಯ ನೀರು ತುಂಬಿ ವರ್ಷವಿಡೀ ಕೆರೆಯಂತೆ ಕಾಣುತ್ತದೆ. ಆ ಮರಳಿನಲ್ಲಿ ತರಕಾರಿ ಬೆಳೆಯುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ದಂಡೆಯ ಗುಡಿಸಲುಗಳಲ್ಲಿ ಬದುಕುತ್ತಿದ್ದ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಡಬೇಕಾಯಿತು. ಹಲವರಿಗೆ ಸಿಕ್ಕ ಮನೆ ಕೆಲಸದ ಜಾಗದಿಂದ ದೂರದ ಊರಂಚಿನಲ್ಲಿ. ಊರು ದಾಟಿದ ಮೇಲೆ ಕೆಳಗೆ ಹರಿಯುವ ಸಾಬರಮತಿ ಕಾರ್ಖಾನೆಯ ತ್ಯಾಜ್ಯದಿಂದ ಎಷ್ಟು ಕೆಟ್ಟಿದೆಯೆಂದರೆ, 2021ರಲ್ಲಿ ಗುಜರಾತ್ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ಇದನ್ನು ಒಳ್ಳೆಯ ಉದ್ಯಾನ ಎನ್ನಬಹುದು. ನದಿಯ ಪುನರುಜ್ಜೀವನ ಎನ್ನಲು ನನಗೆ ಮನಸ್ಸು ಬಾರದು.

ಕೊಚ್ಚಿಯ ಮರಡು ಇನ್ನೂ ಕಠಿಣವಾದ ಪಾಠ. ಹಿನ್ನೀರಿನ ಅಂಚಿನಲ್ಲಿ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮ ಮೀರಿ ಎದ್ದ ನಾಲ್ಕು ವಸತಿ ಸಮುಚ್ಚಯಗಳನ್ನು ಕೆಡವಲು 2019ರ ಮೇ 8ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಅವು ಸ್ಫೋಟಕಗಳ ಸದ್ದಿಗೆ ಕುಸಿದದ್ದನ್ನು ಟಿವಿಯಲ್ಲಿ ಇಡೀ ದೇಶ ನೋಡಿತು. ಉಳಿದದ್ದು 70 ಸಾವಿರ ಟನ್ನಿಗೂ ಮೇಲ್ಪಟ್ಟ ಅವಶೇಷ. ಸ್ಥಳೀಯ ಪಂಚಾಯಿತಿ ಪರವಾನಗಿ ಕೊಟ್ಟಿತ್ತು, ಬ್ಯಾಂಕು ಸಾಲ ಕೊಟ್ಟಿತ್ತು, ಜನ ನಂಬಿ ಹಣ ಕೊಟ್ಟಿದ್ದರು. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7ರಿಂದ 8ರಷ್ಟು ಸಿಮೆಂಟು ತಯಾರಿಕೆಯೊಂದರಿಂದಲೇ ಹೊಮ್ಮುತ್ತದೆ. ಹತ್ತಾರು ವರ್ಷ ಬಾಳಬೇಕಾದ ಅಷ್ಟು ಕಾಂಕ್ರೀಟು ಪುಡಿಯಾದ ಮೇಲೆ ಅಲ್ಲಿ ಯಾವ ಮಳೆಕೊಯ್ಲು, ಯಾವ ಎಲ್‌ಇಡಿ ದೀಪ ಲೆಕ್ಕಕ್ಕೆ ಬಂದೀತು? ಕಟ್ಟಬಾರದ ಜಾಗದಲ್ಲಿ ಕಟ್ಟದಿರುವುದೇ ದೊಡ್ಡ ಉಳಿತಾಯ. ಅದೇ ಕೊಚ್ಚಿ 2023ರ ಏಪ್ರಿಲಿನಲ್ಲಿ ವಾಟರ್ ಮೆಟ್ರೋ ಶುರುಮಾಡಿ, ವಿದ್ಯುತ್ ದೋಣಿಗಳಿಂದ ದ್ವೀಪಗಳನ್ನು ಜೋಡಿಸುತ್ತಿರುವುದನ್ನೂ ಹೇಳಬೇಕು. ಹಮ್ಮರ್‌ಬಿಯ ಉಚಿತ ದೋಣಿಯಂತೆ, ನೀರನ್ನು ನೋಟಕ್ಕೆ ಮಾತ್ರ ಇಟ್ಟುಕೊಳ್ಳದೆ ದಾರಿಯನ್ನಾಗಿ ಬಳಸುವ ಸರಿಯಾದ ಹೆಜ್ಜೆ ಅದು.

ಹೊರಗಿನ ಮಾದರಿಗಳನ್ನು ಇದ್ದಹಾಗೇ ತಂದರೆ ಆಗುವ ಅನಾಹುತಕ್ಕೆ ಗಾಳಿಯ ವಿಚಾರ ಒಳ್ಳೆಯ ನಿದರ್ಶನ. ಮಾಲ್ಮೋದಲ್ಲಿ ಸಮುದ್ರದ ಕಡೆಗೆ ಎತ್ತರದ ಕಟ್ಟಡಗಳ ಸಾಲು ನಿಲ್ಲಿಸಿದರು, ಹಿಂದಿನ ಗಲ್ಲಿಗಳಿಗೆ ಚಳಿಗಾಳಿ ತಾಗದಿರಲೆಂದು. ಅಲ್ಲಿಗೆ ಅದು ಸರಿ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಸೆಕೆ ಕಳೆಯುವುದೇ ಕಡಲಗಾಳಿ. ದಂಡೆಗೆ ಅಡ್ಡಲಾಗಿ ಇಪ್ಪತ್ತು ಮಹಡಿಯ ಗೋಡೆ ನಿಲ್ಲಿಸಿದರೆ ಮುಂದಿನ ಸಾಲಿನವರು ಗಾಜು ಮುಚ್ಚಿ ಎಸಿ ಹಾಕಿಕೊಳ್ಳುತ್ತಾರೆ, ಹಿಂದಿನ ಸಾಲಿನವರು ಗಾಳಿಯಿಲ್ಲದೆ ಎಸಿ ಹಾಕಿಕೊಳ್ಳುತ್ತಾರೆ. ಇಲ್ಲಿ ಕಟ್ಟಡಗಳ ಕಿರಿದಾದ ಬದಿ ಕಡಲಿಗಿರಬೇಕು, ನಡುವೆ ಗಾಳಿ ನುಗ್ಗುವ ಓಣಿಗಳಿರಬೇಕು. ಟೊರಾಂಟೊ ನಗರ 2004ರಿಂದ ಒಂಟಾರಿಯೋ ಸರೋವರದ 83 ಮೀಟರ್ ಆಳದಿಂದ ನಾಲ್ಕು ಡಿಗ್ರಿಯ ನೀರೆತ್ತಿ ಕಚೇರಿಗಳನ್ನು ತಂಪಾಗಿಡುತ್ತಿದೆ. ಅರಬ್ಬೀ ಸಮುದ್ರದ ನಮ್ಮ ದಂಡೆಯ ನೀರು 28 ಡಿಗ್ರಿಯ ಆಸುಪಾಸಿನದು, ಆ ಉಪಾಯ ಇಲ್ಲಿಗೆ ಒಗ್ಗದು. ಮಳೆಯ ಕತೆಯೂ ಅಷ್ಟೆ. ಹ್ಯಾಂಬರ್ಗಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್. ಮಂಗಳೂರಿನಲ್ಲಿ 3,500 ಮಿಲಿಮೀಟರಿಗೂ ಹೆಚ್ಚು, ಅದೂ ಬಹುಪಾಲು ನಾಲ್ಕು ತಿಂಗಳಲ್ಲಿ. 2018ರ ಮೇ 29ರಂದು ಒಂದೇ ದಿನದ ಮಳೆಗೆ ನಗರದ ರಸ್ತೆಗಳು ಹೊಳೆಯಾದದ್ದು ಊರವರಿಗೆ ಮರೆತಿಲ್ಲ. ಉಬ್ಬರದ ಹೊತ್ತಿನಲ್ಲೇ ಜೋರು ಮಳೆ ಬಂದರೆ ತೋಡುಗಳ ನೀರು ಹೊಳೆಗೆ ಇಳಿಯದೆ ಹಿಂದಕ್ಕೇ ಒತ್ತುತ್ತದೆ. ಇದರ ಮೇಲೆ ಸಮುದ್ರವೇ ಏರುತ್ತಿದೆ. ಹೊರಸೂಸುವಿಕೆ ಬಹಳ ಹೆಚ್ಚೇ ಉಳಿದರೆ ಈ ಶತಮಾನದ ಕೊನೆಗೆ ಜಾಗತಿಕ ಸಮುದ್ರಮಟ್ಟ 63ರಿಂದ 101 ಸೆಂಟಿಮೀಟರ್ ಏರಬಹುದೆಂದು ಐಪಿಸಿಸಿಯ ಆರನೇ ವರದಿ ಅಂದಾಜಿಸಿದೆ. ಇಂದು ಕಟ್ಟುವ ಗಟ್ಟಿ ಕಟ್ಟಡ ಆ ದಿನ ಇನ್ನೂ ನಿಂತಿರುತ್ತದೆ.

ಉಪ್ಪುಗಾಳಿಯ ಊರಿನಲ್ಲಿ ಕಟ್ಟಡದ ಆಯಸ್ಸೇ ಬೇರೆ. ಕಡಲಿಗೆ ಹತ್ತಿರದ ಯಾವುದಾದರೂ ಹಳೆಯ ಅಪಾರ್ಟ್‌ಮೆಂಟಿನ ಸಜ್ಜದ ಅಡಿಭಾಗ ನೋಡಿ. ಗಾರೆ ಉದುರಿ, ಕಂಬಿ ತುಕ್ಕು ಹಿಡಿದು ಉಬ್ಬಿ, ಕಂದು ನೀರಿನ ಗೆರೆ ಗೋಡೆಯುದ್ದಕ್ಕೂ ಇಳಿದಿರುತ್ತದೆ. ಕಾಂಕ್ರೀಟಿನ ಹೊದಿಕೆ ತೆಳುವಾಗಿದ್ದರೆ ಉಪ್ಪು ಕಂಬಿ ಮುಟ್ಟಲು ಬಹಳ ವರ್ಷ ಬೇಕಿಲ್ಲ. ಉಕ್ಕಿನ ಕಾರ್ಖಾನೆಗಳಲ್ಲಿ ಸ್ಲ್ಯಾಗ್ ಎಂದು ಕರೆಯುವ ಕುಲುಮೆಯ ಕಿಟ್ಟವನ್ನು ಪುಡಿಮಾಡಿ ಸಿಮೆಂಟಿಗೆ ಬೆರೆಸಿದರೆ ಉಪ್ಪು ಒಳನುಗ್ಗುವುದು ಕಡಿಮೆಯಾಗುತ್ತದೆ, ಸಿಮೆಂಟೂ ಉಳಿಯುತ್ತದೆ. ನಮ್ಮದೇ ಬಳ್ಳಾರಿ ಸೀಮೆಯಲ್ಲಿ ಆ ಕಿಟ್ಟಕ್ಕೆ ಬರವಿಲ್ಲ. ಎರಡು ಮೂರು ಅಂತಸ್ತಿನ ಕಟ್ಟಡಕ್ಕೆ ಕೆಂಪುಕಲ್ಲು, ಇಳಿಜಾರು ಹೆಂಚಿನ ಮಾಡು, ಮಳೆ ಬಡಿಯದಂತೆ ಮುಂಚಾಚಿದ ಜಗಲಿ ಇಂದಿಗೂ ಸೋಲದ ಉತ್ತರ. ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು ಇದೇ ಮಂಗಳೂರಿನಲ್ಲಿ. ಹ್ಯಾಂಬರ್ಗಿನವರು ಈಗ ಹಾಫೆನ್‌ಸಿಟಿಯಲ್ಲಿ 65 ಮೀಟರ್ ಎತ್ತರದ ಕಟ್ಟಡವನ್ನು ಬಹುಪಾಲು ಮರದಿಂದಲೇ ಕಟ್ಟಿದ್ದಾರೆ. ಅವರ ಕಾಡಿನ ಮರ ಅವರಿಗೆ ಒಪ್ಪುತ್ತದೆ. ಎಲ್ಲ ಕಡೆಯೂ ಗೋಪುರವೇ ಬೇಕೇ ಎಂದು ನಾವು ಮೊದಲು ಕೇಳಿಕೊಂಡರೆ ನಮ್ಮ ಕಲ್ಲು ಹೆಂಚುಗಳಿಗೂ ಕೆಲಸ ಸಿಕ್ಕೀತು.

ಬೆಂಗಳೂರಿಗೆ ಕಡಲಿಲ್ಲ, ಕೆರೆಯಂಚು ಇದೆ. ‘ಲೇಕ್ ವ್ಯೂ’ ಎಂದು ಮಾರುವ ಫ್ಲ್ಯಾಟುಗಳಿಗೂ ಇದೇ ತಕ್ಕಡಿ ಹಿಡಿಯಬೇಕು. ಬೆಳ್ಳಂದೂರು ಮತ್ತು ಅಗರ ಕೆರೆಗಳ ನಡುವಿನ ಬೃಹತ್ ಮಿಶ್ರ ಬಳಕೆಯ ಯೋಜನೆಯ ವಿವಾದದಲ್ಲಿ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯಂಚಿನಿಂದ 75 ಮೀಟರ್, ದೊಡ್ಡ ರಾಜಕಾಲುವೆಯಿಂದ 50 ಮೀಟರ್ ಬಿಡಬೇಕೆಂದಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಮಾಡಿ, ಕೆರೆಯಂಚಿಗೆ ಊರಿನ ಮಾಸ್ಟರ್ ಪ್ಲಾನಿನ 30 ಮೀಟರೇ ನಿಯಮ ಎಂದಿತು. 2022ರ ಸೆಪ್ಟೆಂಬರಿನಲ್ಲಿ ಅದೇ ಸೀಮೆಯ ಶ್ರೀಮಂತ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ನೀರು ತನ್ನ ಹಳೆಯ ದಾರಿಯಲ್ಲೇ ಬಂದಿತ್ತು. ಕರಾವಳಿಯಲ್ಲೂ ಗಡಿ ಕುಗ್ಗುತ್ತಿದೆ. ಉಬ್ಬರವಿಳಿತ ಮುಟ್ಟುವ ಹೊಳೆ ಅಳಿವೆಗಳ ಅಂಚಿನಲ್ಲಿ 2011ರ ಸಿಆರ್‌ಝಡ್ ಅಧಿಸೂಚನೆಯಲ್ಲಿ 100 ಮೀಟರ್ ಇದ್ದದ್ದು 2019ರಲ್ಲಿ 50 ಮೀಟರಿಗೆ ಇಳಿಯಿತು. ಸಮುದ್ರ ಮೇಲೇರುವ ಕಾಲದಲ್ಲಿ ನಿಯಮ ಕೆಳಗಿಳಿಯುವುದು ಯಾವ ನ್ಯಾಯ? ಕಾನೂನು ಬಿಟ್ಟುಕೊಟ್ಟರೂ ಒಳ್ಳೆಯ ಯೋಜಕರು ಹಳೆಯ ಗಡಿಯನ್ನೇ ಇಟ್ಟುಕೊಳ್ಳಬೇಕು.

ಇನ್ನು ಮಂಗಳೂರಿನ ಹಳೇ ಬಂದರು. ನೇತ್ರಾವತಿ, ಫಲ್ಗುಣಿ ಎರಡೂ ಕೂಡಿ ಸಮುದ್ರ ಸೇರುವ ಅಳಿವೆಯಲ್ಲಿದೆ ಅದು. ಬೆಳಗಿನ ಜಾವ ಧಕ್ಕೆಗೆ ಹೋದರೆ ಒಂದಕ್ಕೊಂದು ಅಂಟಿ ನಿಂತ ಬೋಟುಗಳು, ಮಂಜುಗಡ್ಡೆ ಪುಡಿಮಾಡುವ ಯಂತ್ರದ ಗದ್ದಲ, ಬಂಗುಡೆ ಬೂತಾಯಿಗಳ ಹರಾಜು ಕೂಗು, ಬುಟ್ಟಿ ತುಂಬಿಸಿಕೊಂಡು ರಿಕ್ಷಾ ಹತ್ತುವ ಮೀನು ಮಾರುವ ಹೆಂಗಸರು. ಹಿಂದಿನ ಓಣಿಗಳಲ್ಲಿ ಹೆಂಚಿನ ಗೋದಾಮು, ಒಣಮೀನು, ಬಲೆ, ಹಗ್ಗ, ಎಂಜಿನ್ನಿನ ಬಿಡಿಭಾಗದ ಅಂಗಡಿ, ಮಸೀದಿ, ಚಹಾ ಹೋಟೆಲು, ಮೇಲಂತಸ್ತಿನಲ್ಲಿ ಮನೆ. ಮಿಶ್ರ ಬಳಕೆಯನ್ನು ಈ ಜಾಗಕ್ಕೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ನದಿದಂಡೆಯ ವಾಯುವಿಹಾರ ಪಥ, ವಾಟರ್ ಮೆಟ್ರೋ ಮುಂತಾದ ಪ್ರಸ್ತಾವಗಳು ಈಗಾಗಲೇ ಈ ಊರಿನ ಬಾಗಿಲಿಗೆ ಬಂದಿವೆ. ದೊಡ್ಡ ಕಟ್ಟಡಗಳ ಪ್ರಸ್ತಾವ ಬರಲು ಬಹಳ ದಿನ ಬೇಕಿಲ್ಲ. ಬಂದಾಗ ಮೊದಲ ಬಲಿ ಧಕ್ಕೆಯೇ ಆಗುತ್ತದೆ, ಮೀನಿನ ವಾಸನೆ ಫ್ಲ್ಯಾಟಿನ ಬೆಲೆಗೆ ಒಗ್ಗುವುದಿಲ್ಲ ಎಂಬ ಕಾರಣಕ್ಕೆ. ಅಂಚಿನ ಕಾಂಡ್ಲಾ ಗಿಡಗಳು ಎರಡನೆಯದು, ನೋಟಕ್ಕೆ ಅಡ್ಡ ಬರುತ್ತವೆ ಎಂಬ ಕಾರಣಕ್ಕೆ. ದಂಡೆಯ ಮಣ್ಣು ಹಿಡಿದಿಟ್ಟು ಮೀನಿನ ಮರಿಗಳಿಗೆ ಆಸರೆಯಾದ ಗಿಡಗಳನ್ನು ಕಡಿದು, ಆ ಜಾಗದಲ್ಲಿ ಕಾಂಕ್ರೀಟ್ ಗೋಡೆ ಕಟ್ಟಿ, ಅದರ ಮೇಲೆ ಕುಂಡದಲ್ಲಿ ಗಿಡ ಇಡುವುದಕ್ಕೆ ಹಸಿರು ಎಂಬ ಹೆಸರು ಸಲ್ಲದು.

ಆದ್ದರಿಂದ ಕರಾವಳಿಯ ಜನಪ್ರತಿನಿಧಿಗಳಲ್ಲಿ, ಬಂದರು ಇಲಾಖೆಯಲ್ಲಿ ನನ್ನ ಬಿನ್ನಹ ಇಷ್ಟು. ದಂಡೆಯ ಸರ್ಕಾರಿ ನೆಲವನ್ನು ಮಾರಬೇಡಿ. ಗುತ್ತಿಗೆಗೆ ಕೊಡಿ, ಹಂತಹಂತವಾಗಿ ಕೊಡಿ, ಒಬ್ಬರಿಗೇ ಕೊಡಬೇಡಿ. ಧಕ್ಕೆ ಅಲ್ಲೇ ಉಳಿಯುತ್ತದೆ, ನೀರಿನ ಅಂಚು ಉದ್ದಕ್ಕೂ ಗೇಟಿಲ್ಲದೆ ತೆರೆದಿರುತ್ತದೆ, ಕಾಂಡ್ಲಾ ಮುಟ್ಟುವುದಿಲ್ಲ, ನೆಲಮಹಡಿಯ ಮಟ್ಟ ಇಷ್ಟು, ಗಾಳಿಯ ಓಣಿ ಇಷ್ಟು ಅಗಲ, ಕಡಿಮೆ ಬಾಡಿಗೆಯ ಮನೆಗಳು ಇಷ್ಟು, ವಾಸ ಶುರುವಾದ ಮೇಲೆ ವರ್ಷವರ್ಷವೂ ವಿದ್ಯುತ್ತು ನೀರಿನ ಲೆಕ್ಕ ಬಹಿರಂಗ ಎಂಬ ಷರತ್ತುಗಳನ್ನು ಟೆಂಡರಿಗೆ ಮುಂಚೆಯೇ ಬರೆಯಿರಿ. ಬರೆದದ್ದನ್ನು ಧಕ್ಕೆಯಲ್ಲಿ ಮೀನು ಹರಾಜು ಹಾಕುವವರೂ ಓದಿ ಆಕ್ಷೇಪ ಎತ್ತುವಂತೆ ಕನ್ನಡದಲ್ಲಿ ಪ್ರಕಟಿಸಿ, ಅದಕ್ಕೆ ಮೂರು ತಿಂಗಳಾದರೂ ಕಾಲಾವಕಾಶ ಕೊಡಿ.